ಬಾಯಿ ತೆರೆದು ಮಲಗುವ ಮಕ್ಕಳು

ನಾಲ್ಕೈದು ವರ್ಷದ ಮಗು. ತಿಂಗಳುಗಟ್ಟಲೆ ಮೂಗು ಕಟ್ಟಿದೆ, ರಾತ್ರಿ ಗೊರಕೆ, ಮಾತು ನೆಗಡಿಯ ಧ್ವನಿಯಲ್ಲೇ ಬರುತ್ತದೆ. ಡಾಕ್ಟರಿಗೆ ತೋರಿಸಿದರೆ ಕತ್ತಿನ ಪಕ್ಕದಿಂದ ಒಂದು ಎಕ್ಸ್-ರೇ ತೆಗೆಸುತ್ತಾರೆ. ರಿಪೋರ್ಟಿನಲ್ಲಿ ‘ಅಡಿನಾಯ್ಡ್ ಗ್ರೇಡ್ 3’ ಎಂದೋ ‘ಶೇ 80 ಅಡಚಣೆ’ ಎಂದೋ ಬರೆದಿರುತ್ತದೆ. ಅಲ್ಲಿಂದ ಮನೆಯಲ್ಲಿ ಎರಡು ಪಕ್ಷ. ಆಪರೇಷನ್ ಮಾಡಿಸಿಬಿಟ್ಟರೆ ನಿಶ್ಚಿಂತೆ ಎನ್ನುವವರು ಒಂದು ಕಡೆ, ದೊಡ್ಡವನಾದರೆ ತಾನೇ ಕರಗುತ್ತದೆ, ಎಳೆ ಮಗುವಿಗೆ ಕತ್ತರಿ ಹಾಕಿಸಬೇಡಿ ಎನ್ನುವ ಅಜ್ಜಿ ಇನ್ನೊಂದು ಕಡೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಇಬ್ಬರೂ ಮಾತಾಡುತ್ತಿರುವುದು ಆ ಫಿಲ್ಮಿನ ಬಗ್ಗೆ. ಈ ಪ್ರಶ್ನೆಯ ಮೇಲೆ ನೂರೈವತ್ತು ವರ್ಷಗಳಿಂದ ನಡೆದಿರುವ ಪ್ರಯೋಗಗಳನ್ನೂ ವಾದಗಳನ್ನೂ ಓದುತ್ತ ಬಂದರೆ ನನಗೆ ಕಾಣುವುದು ಒಂದೇ: ಗಡ್ಡೆ ಎಷ್ಟು ದೊಡ್ಡದು ಎಂಬುದು ಎರಡನೆಯ ಪ್ರಶ್ನೆ. ಅದರಿಂದ ಮಗು ತನ್ನ ನಿದ್ದೆಯನ್ನು ಕಳೆದುಕೊಳ್ಳುತ್ತಿದೆಯೇ, ಕಿವಿಯನ್ನು ಕಳೆದುಕೊಳ್ಳುತ್ತಿದೆಯೇ ಎಂಬುದು ಮೊದಲನೆಯದು. ಚಿಕಿತ್ಸೆಯ ದಾರಿ ಅಲ್ಲಿಂದಲೇ ಕವಲೊಡೆಯಬೇಕು.

ಅಡಿನಾಯ್ಡ್ ರೋಗವಲ್ಲ, ಎಲ್ಲ ಮಕ್ಕಳಿಗೂ ಇರುವ ಅಂಗ. ಮೂಗಿನ ಹಿಂಬದಿ, ಕಿರುನಾಲಿಗೆಗಿಂತ ಮೇಲೆ, ಬಾಯಿ ತೆರೆದರೂ ಕಾಣದ ಜಾಗದಲ್ಲಿ ಕುಳಿತಿರುವ ಮೆತ್ತನೆಯ ಅಂಗಾಂಶ ಅದು. ಗಂಟಲಿನ ಎರಡೂ ಬದಿಯ ಟಾನ್ಸಿಲ್‌ಗಳು, ನಾಲಿಗೆಯ ಬುಡದ ಅಂಗಾಂಶ ಮತ್ತು ಈ ಅಡಿನಾಯ್ಡ್ ಸೇರಿ ಉಸಿರಿನ ಮತ್ತು ಅನ್ನದ ದಾರಿಗೆ ಒಂದು ಕಾವಲು ಬಳೆ ತೊಡಿಸಿದಂತಿವೆ. ಜರ್ಮನಿಯ ಅಂಗರಚನಾ ತಜ್ಞ ವಾಲ್ಡಯರ್ ಇದನ್ನು 1884ರಲ್ಲಿ ವಿವರಿಸಿದ. ಗಾಳಿಯೊಂದಿಗೆ ಒಳಬರುವ ರೋಗಾಣುಗಳ ಪರಿಚಯ ಮಾಡಿಕೊಂಡು ದೇಹದ ರಕ್ಷಣಾ ವ್ಯವಸ್ಥೆಗೆ ಪಾಠ ಹೇಳುವುದು ಈ ಬಳೆಯ ಕೆಲಸ. ಅಂಗನವಾಡಿಗೆ, ನರ್ಸರಿಗೆ ಹೋಗಲು ಆರಂಭಿಸಿದ ಮಗುವಿಗೆ ಮೇಲಿಂದ ಮೇಲೆ ನೆಗಡಿ ಬರುವ ವಯಸ್ಸಿನಲ್ಲೇ, ಅಂದರೆ ಮೂರರಿಂದ ಏಳು ವರ್ಷದ ನಡುವೆ, ಅದು ಅತಿ ದೊಡ್ಡದಾಗಿರುತ್ತದೆ. ಆಮೇಲೆ ಮೂಗಿನ ಹಿಂಭಾಗದ ಜಾಗ ಅಗಲವಾಗುತ್ತ ಹೋಗುತ್ತದೆ, ಗಡ್ಡೆ ಕುಗ್ಗುತ್ತ ಹೋಗುತ್ತದೆ. ಹರೆಯದ ಹೊತ್ತಿಗೆ ಹೆಚ್ಚಿನವರಲ್ಲಿ ಹೆಸರಿಗಷ್ಟೇ ಉಳಿದಿರುತ್ತದೆ. ಅಜ್ಜಿಯ ಮಾತಿಗೆ ಇರುವ ಆಧಾರ ಇದು. ನಾಲ್ಕು ವರ್ಷದ ಮಗುವಿನ ಎಕ್ಸ್-ರೇಯಲ್ಲಿ ದೊಡ್ಡ ಅಡಿನಾಯ್ಡ್ ಕಂಡರೆ ಅದರಲ್ಲೇ ಅಚ್ಚರಿಯೇನೂ ಇಲ್ಲ. ಮಗು ಅಳುತ್ತಿದ್ದರೆ, ಆ ಕ್ಷಣ ನುಂಗಿದರೆ, ಕತ್ತು ಬಾಗಿಸಿದರೆ ನೆರಳು ಬೇರೆಯೇ ಬೀಳುತ್ತದೆ. ನೆಗಡಿಯ ವಾರದಲ್ಲಿ ತೆಗೆದ ಚಿತ್ರಕ್ಕೂ ಎರಡು ತಿಂಗಳ ನಂತರದ ಚಿತ್ರಕ್ಕೂ ಅಂತರವಿರುತ್ತದೆ.

ಈ ಅಂಗವನ್ನು ತೊಂದರೆಯ ಮೂಲ ಎಂದು ಮೊದಲು ಗುರುತಿಸಿದವನು ಕೋಪನ್‌ಹೇಗನ್ನಿನ ವೈದ್ಯ ವಿಲ್ಹೆಲ್ಮ್ ಮೇಯರ್. ಕಿವಿ ಮಂದವಾದ, ಮಾತು ಸ್ಪಷ್ಟವಿಲ್ಲದ ಒಬ್ಬ ತರುಣಿಯ ಬಾಯೊಳಗೆ ಬೆರಳು ಹಾಕಿ, ಮೆದು ಅಂಗುಳಿನ ಹಿಂದಕ್ಕೆ ತಿರುಗಿಸಿ ಮುಟ್ಟಿದಾಗ ಆತನಿಗೆ ಮೆತ್ತನೆಯ ರಾಶಿ ಸಿಕ್ಕಿತು. ಮೂಗಿನ ಮೂಲಕ ತೂರಿಸಬಹುದಾದ ಉಂಗುರದಂಥ ಚಾಕುವನ್ನು ಮಾಡಿಸಿ, ಬಾಯೊಳಗಿನ ಬೆರಳನ್ನೇ ಕಣ್ಣಾಗಿ ಬಳಸಿ, ಅದನ್ನು ಕೆರೆದು ತೆಗೆದ. 1868ರಲ್ಲಿ ಇದನ್ನು ಪ್ರಕಟಿಸಿದ. ಆಕೆಗೆ ಕಿವಿ ಕೇಳಿಸಿತು. ಮೇಯರ್ ತೀರಿಕೊಂಡ ಮೇಲೆ ಹಲವು ದೇಶಗಳ ವೈದ್ಯರು ಹಣ ಕೂಡಿಸಿ ಆ ಊರಿನಲ್ಲಿ ಅವನ ಸ್ಮಾರಕ ನಿಲ್ಲಿಸಿದರು. ಆತ ಆರಂಭಿಸಿದ್ದು ಕಿವಿಯಿಂದ ಎಂಬುದನ್ನು ಗಮನಿಸಬೇಕು. ಮುಂದಿನ ತಲೆಮಾರು ಅದನ್ನು ಮರೆಯಿತು.

ಇಪ್ಪತ್ತನೆಯ ಶತಮಾನ ಹುಟ್ಟುವಾಗ ಅಮೆರಿಕ, ಇಂಗ್ಲೆಂಡುಗಳಲ್ಲಿ ಅಡಿನಾಯ್ಡ್ ಎಲ್ಲದಕ್ಕೂ ಕಾರಣವಾಯಿತು. ಮಗು ಪಾಠದಲ್ಲಿ ಹಿಂದೆ, ತುಂಟ, ತೆಳ್ಳಗೆ, ಹಾಸಿಗೆಯಲ್ಲಿ ಉಚ್ಚೆ ಹೊಯ್ಯುತ್ತದೆ ಅಂದರೆ ಅಡಿನಾಯ್ಡ್ ತೆಗೆಯಿರಿ ಎಂಬ ಸಲಹೆ. 1906ರ ಜೂನಿನಲ್ಲಿ ನ್ಯೂಯಾರ್ಕಿನ ಲೋವರ್ ಈಸ್ಟ್ ಸೈಡ್‌ನಲ್ಲಿ, ಪೂರ್ವ ಯುರೋಪಿನಿಂದ ಬಂದ ಯಹೂದಿ ವಲಸಿಗರ ಮಕ್ಕಳು ಓದುತ್ತಿದ್ದ ಒಂದು ಶಾಲೆಯಲ್ಲೇ ಹಲವು ಮಕ್ಕಳಿಗೆ ಈ ಆಪರೇಷನ್ ಮಾಡಿದರು. ಮಕ್ಕಳು ಬಾಯಲ್ಲಿ ರಕ್ತ ಒರೆಸಿಕೊಂಡು ಮನೆಗೆ ಬಂದರು. ಡಾಕ್ಟರುಗಳು ಮಕ್ಕಳ ಕತ್ತು ಕೊಯ್ಯುತ್ತಿದ್ದಾರೆ ಎಂಬ ಸುದ್ದಿ ಬೀದಿಬೀದಿಗೆ ಹಬ್ಬಿತು. ಅದೇ ತಿಂಗಳು ರಷ್ಯಾ ಸಾಮ್ರಾಜ್ಯದ ಬಿಯಾಲಿಸ್ಟಾಕ್‌ನಲ್ಲಿ ಯಹೂದಿಗಳ ಹತ್ಯಾಕಾಂಡ ನಡೆದಿತ್ತು. ಆ ತಾಯಂದಿರಿಗೆ ಸುದ್ದಿಯನ್ನು ನಂಬದಿರಲು ಕಾರಣವೇ ಇರಲಿಲ್ಲ. ಸಾವಿರಾರು ಮಂದಿ ಶಾಲೆಗಳಿಗೆ ನುಗ್ಗಿದರು, ಕಿಟಕಿ ಗಾಜು ಒಡೆದರು, ಮಕ್ಕಳನ್ನು ಎಳೆದುಕೊಂಡು ಮನೆಗೆ ಹೋದರು. ತಮ್ಮ ಭಾಷೆಯಲ್ಲಿ ಯಾರೂ ಕೂತು ವಿವರಿಸದ ಚಿಕಿತ್ಸೆಗೆ ಅವರು ಹೆದರಿದ್ದನ್ನು ಅಜ್ಞಾನ ಎಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ನಮ್ಮ ಆಸ್ಪತ್ರೆಗಳಲ್ಲೂ ಒಪ್ಪಿಗೆ ಪತ್ರ ಬಹುಪಾಲು ಇಂಗ್ಲಿಷಿನಲ್ಲೇ ಇರುತ್ತದೆ.

ಡಾಕ್ಟರುಗಳ ಕಣ್ಣು ಎಷ್ಟರಮಟ್ಟಿಗೆ ನಂಬಬಹುದಾದದ್ದು ಎಂಬುದಕ್ಕೆ ಅದೇ ನ್ಯೂಯಾರ್ಕಿನಿಂದ 1934ರಲ್ಲಿ ಹೊರಬಂದ ಸಮೀಕ್ಷೆಯೊಂದು ಇಂದಿಗೂ ಉತ್ತರ ಹೇಳುತ್ತದೆ. ಅದು ಟಾನ್ಸಿಲ್ ಕುರಿತದ್ದು, ಆದರೆ ಪಾಠ ಎರಡಕ್ಕೂ ಸಲ್ಲುತ್ತದೆ. ಹನ್ನೊಂದು ವರ್ಷದ ಸಾವಿರ ಶಾಲಾ ಮಕ್ಕಳಲ್ಲಿ 611 ಮಂದಿಗೆ ಆಗಲೇ ಟಾನ್ಸಿಲ್ ತೆಗೆದಾಗಿತ್ತು. ಉಳಿದ 389 ಮಕ್ಕಳನ್ನು ವೈದ್ಯರಿಗೆ ತೋರಿಸಿದರು. 174 ಮಂದಿಗೆ ಆಪರೇಷನ್ ಬೇಕು ಎಂದರು. ಬೇಡ ಎನಿಸಿಕೊಂಡ 215 ಮಕ್ಕಳನ್ನು ಬೇರೆ ವೈದ್ಯರಿಗೆ ತೋರಿಸಿದರೆ 99 ಮಂದಿಗೆ ಬೇಕು. ಅದರಲ್ಲೂ ಉಳಿದ 116 ಮಕ್ಕಳನ್ನು ಮೂರನೆಯ ಸಲ ತೋರಿಸಿದರೆ 51 ಮಂದಿಗೆ ಬೇಕು. ಕೊನೆಗೆ ಆಪರೇಷನ್ ಬೇಡವೆನಿಸಿಕೊಂಡವರು ಸಾವಿರಕ್ಕೆ 65 ಮಕ್ಕಳು! ಪ್ರತಿ ಸಲವೂ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳನ್ನು ಆರಿಸುವುದು ವೈದ್ಯರ ರೂಢಿಯಾಗಿತ್ತೇ ಹೊರತು ಅದಕ್ಕೂ ಮಕ್ಕಳ ಸ್ಥಿತಿಗೂ ಸಂಬಂಧವಿರಲಿಲ್ಲ. 1938ರಲ್ಲಿ ಇಂಗ್ಲೆಂಡಿನ ಅಲಿಸನ್ ಗ್ಲೋವರ್ ಜಿಲ್ಲೆಜಿಲ್ಲೆಯ ಲೆಕ್ಕ ತೆಗೆದಾಗಲೂ ಇಂಥದ್ದೇ ಕಂಡಿತು. ಮಗುವಿಗೆ ಆಪರೇಷನ್ ಆಗುತ್ತದೋ ಇಲ್ಲವೋ ಎಂಬುದನ್ನು ಅದು ಯಾವ ಊರಿನಲ್ಲಿದೆ, ಅಲ್ಲಿನ ಶಾಲಾ ವೈದ್ಯರು ಯಾರು ಎಂಬುದೇ ತೀರ್ಮಾನಿಸುತ್ತಿತ್ತು.

ಈ ಪ್ರಶ್ನೆ ಗಟ್ಟಿ ನೆಲಕ್ಕೆ ಬಂದದ್ದು ನಿದ್ದೆಯನ್ನು ಅಳೆಯಲು ಕಲಿತ ಮೇಲೆ. ಉಸಿರುದಾರಿ ಕಟ್ಟಿಕೊಂಡ ಮಕ್ಕಳಲ್ಲಿ ಶ್ವಾಸಕೋಶದ ರಕ್ತದೊತ್ತಡ ಏರಿ ಹೃದಯದ ಬಲಭಾಗ ಸೋಲುವುದನ್ನು, ಗಡ್ಡೆ ತೆಗೆದ ಮೇಲೆ ಅದು ಚೇತರಿಸಿಕೊಳ್ಳುವುದನ್ನು 1960ರ ದಶಕದಲ್ಲಿ ವೈದ್ಯರು ವರದಿ ಮಾಡಿದರು. 1976ರಲ್ಲಿ ನಿದ್ರಾ ತಜ್ಞ ಗಿಯೆಮಿನೋ ಮತ್ತು ಸಂಗಡಿಗರು ನಿದ್ದೆಯಲ್ಲಿ ಉಸಿರು ನಿಲ್ಲುವ ಎಂಟು ಮಕ್ಕಳನ್ನು ವಿವರಿಸಿದರು. ಮಕ್ಕಳ ಗೊರಕೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ ಎಂಬುದು ಅಲ್ಲಿಂದ ಸ್ಪಷ್ಟವಾಯಿತು.

ತಂದೆತಾಯಿ ಇದನ್ನು ಮನೆಯಲ್ಲೇ ನೋಡಬಹುದು. ಮಗು ಮಲಗಿ ಒಂದೆರಡು ಗಂಟೆಯಾದ ಮೇಲೆ, ಮತ್ತೆ ಬೆಳಗಿನ ಜಾವ, ಅಂಗಿ ಮೇಲೆತ್ತಿ ಎದೆ ನೋಡಿ. ಉಸಿರು ಎಳೆಯುವಾಗ ಪಕ್ಕೆಲುಬಿನ ಕೆಳಗೆ, ಕತ್ತಿನ ಗುಳಿಯಲ್ಲಿ ಚರ್ಮ ಒಳಕ್ಕೆ ಸೆಳೆಯುತ್ತಿದೆಯೇ? ಹೊಟ್ಟೆ ಉಬ್ಬುವಾಗ ಎದೆ ಕುಸಿಯುತ್ತಿದೆಯೇ? ಗೊರಕೆ ತಟ್ಟನೆ ನಿಂತು, ಕೆಲವು ಸೆಕೆಂಡು ಸದ್ದೇ ಇಲ್ಲದೆ, ಮತ್ತೆ ದೊಡ್ಡದೊಂದು ಏದುಸಿರಿನೊಂದಿಗೆ ಮಗು ಹೊರಳುತ್ತಿದೆಯೇ? ತಲೆಯನ್ನು ಹಿಂದಕ್ಕೆ ಚಾಚಿಕೊಂಡು, ಬೆವರಿ, ಹಾಸಿಗೆಯ ಈ ಮೂಲೆಯಿಂದ ಆ ಮೂಲೆಗೆ ಉರುಳುತ್ತಿದೆಯೇ? ಮೊಬೈಲಿನಲ್ಲಿ ಎರಡು ಮೂರು ನಿಮಿಷದ ವಿಡಿಯೊ ಮಾಡಿ ಡಾಕ್ಟರಿಗೆ ತೋರಿಸಿ. ಎಚ್ಚರವಿರುವ ಮಗುವನ್ನು ಕುರ್ಚಿಯಲ್ಲಿ ಕೂರಿಸಿ ನೋಡುವ ವೈದ್ಯರಿಗೆ ಕಾಣದ್ದು ಅದರಲ್ಲಿ ಕಾಣುತ್ತದೆ. ರಾತ್ರಿಯಿಡೀ ಯಂತ್ರ ಜೋಡಿಸಿ ಮಾಡುವ ನಿದ್ರಾ ಪರೀಕ್ಷೆ ಇದರ ಅಂತಿಮ ಪ್ರಮಾಣ ನಿಜ. ಆದರೆ ಮಕ್ಕಳಿಗೆ ಅದನ್ನು ಮಾಡುವ ಕೇಂದ್ರಗಳು ದೊಡ್ಡ ನಗರಗಳಾಚೆ ವಿರಳ.

ಹಾಗಾದರೆ ಆಪರೇಷನ್ ಏನು ಕೊಡುತ್ತದೆ? ಅಮೆರಿಕದಲ್ಲಿ ಐದರಿಂದ ಒಂಬತ್ತು ವರ್ಷದ 464 ಮಕ್ಕಳ ಮೇಲೆ ನಡೆದ, 2013ರಲ್ಲಿ ಪ್ರಕಟವಾದ ‘ಚಾಟ್’ ಎಂಬ ಪ್ರಯೋಗವನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ನಿದ್ದೆಯಲ್ಲಿ ಉಸಿರು ಕಟ್ಟುವ ಈ ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ತಕ್ಷಣ ಟಾನ್ಸಿಲ್, ಅಡಿನಾಯ್ಡ್ ಎರಡನ್ನೂ ತೆಗೆದರು, ಉಳಿದವರನ್ನು ಎಚ್ಚರದಿಂದ ಗಮನಿಸುತ್ತ ಕಾದರು. ಏಳು ತಿಂಗಳ ನಂತರ ಆಪರೇಷನ್ ಆದವರಲ್ಲಿ ಶೇ 79 ಮಕ್ಕಳ ನಿದ್ರಾ ಪರೀಕ್ಷೆ ಸರಿಹೋಗಿತ್ತು. ಏನೂ ಮಾಡದೆ ಕಾದವರಲ್ಲೂ ಶೇ 46 ಮಕ್ಕಳದು ಸರಿಹೋಗಿತ್ತು. ನಡವಳಿಕೆ, ಹಗಲಿನ ಉಲ್ಲಾಸ, ಬದುಕಿನ ಗುಣಮಟ್ಟ ಆಪರೇಷನ್ ಆದವರಲ್ಲಿ ಚೆನ್ನಾಗಿ ಸುಧಾರಿಸಿತು. ಗಮನ ಮತ್ತು ಯೋಜನಾ ಶಕ್ತಿಯ ಔಪಚಾರಿಕ ಪರೀಕ್ಷೆಯಲ್ಲಿ ಮಾತ್ರ ಎರಡು ಗುಂಪಿನ ನಡುವೆ ಗಣನೀಯ ವ್ಯತ್ಯಾಸ ಬರಲಿಲ್ಲ. ಇನ್ನೂ ಸೌಮ್ಯ ತೊಂದರೆಯಿದ್ದ 459 ಮಕ್ಕಳ ಮೇಲೆ ನಡೆದು 2023ರಲ್ಲಿ ಹೊರಬಂದ ಇನ್ನೊಂದು ಪ್ರಯೋಗವೂ ಹೆಚ್ಚುಕಡಿಮೆ ಇದನ್ನೇ ಹೇಳಿತು. ಆಪರೇಷನ್ ಮಾಡಿಸಿದರೆ ಮಗು ಬುದ್ಧಿವಂತನಾಗುತ್ತಾನೆ, ಮಾರ್ಕ್ಸ್ ಬರುತ್ತದೆ ಎಂದು ಯಾರಾದರೂ ಹೇಳಿದರೆ ಅದಕ್ಕೆ ಈ ಪ್ರಯೋಗಗಳ ಬೆಂಬಲವಿಲ್ಲ. ಮಗು ನೆಮ್ಮದಿಯಾಗಿ ನಿದ್ದೆ ಮಾಡುತ್ತದೆ, ಹಗಲು ಕಿರಿಕಿರಿ ಕಡಿಮೆಯಾಗುತ್ತದೆ ಎಂದರೆ ಬೆಂಬಲವಿದೆ. ಸೌಮ್ಯ ತೊಂದರೆಯ ಮಗುವಿಗೆ ಕೆಲವು ತಿಂಗಳು ಕಾಯುವುದು ತಪ್ಪಲ್ಲ. ರಾತ್ರಿ ಎದೆ ಒಳಸೆಳೆದು ಉಸಿರು ನಿಲ್ಲುವ, ತೂಕ ಏರದ ಮಗುವನ್ನು ಕಾಯಿಸುವುದು ತಪ್ಪು.

ಕಿವಿಯ ವಿಷಯಕ್ಕೆ ಬರೋಣ. ಮೂಗಿನ ಹಿಂಬದಿಯಿಂದ ನಡುಗಿವಿಗೆ ಒಂದು ಸಣ್ಣ ನಳಿಕೆ ಹೋಗುತ್ತದೆ. ಅಡಿನಾಯ್ಡ್ ಆ ನಳಿಕೆಯ ಬಾಯಿಯ ಪಕ್ಕದಲ್ಲೇ ಇರುತ್ತದೆ. ಬಚ್ಚಲಿನ ತೂಬು ಕಟ್ಟಿದರೆ ನೀರು ಹೇಗೆ ನಿಲ್ಲುತ್ತದೋ ಹಾಗೆ ಕಿವಿಯ ತಮಟೆಯ ಹಿಂದೆ ದ್ರವ ನಿಲ್ಲುತ್ತದೆ, ದಿನ ಕಳೆದಂತೆ ಅಂಟಾಗುತ್ತದೆ. ಕಿವಿ ನೋವಿಲ್ಲ, ಸೋರುವುದಿಲ್ಲ, ಜ್ವರವಿಲ್ಲ. ಟಿವಿಯ ಸದ್ದು ಏರುತ್ತದೆ, ಕರೆದರೆ ತಿರುಗುವುದಿಲ್ಲ, ‘ಹಾಂ?’ ಎನ್ನುವುದು ಹೆಚ್ಚುತ್ತದೆ, ಟೀಚರು ‘ಗಮನ ಕೊಡುವುದಿಲ್ಲ’ ಎಂದು ದೂರುತ್ತಾರೆ. ಮಾತು ಕಲಿಯುವ ವಯಸ್ಸಿನಲ್ಲಿ ಇದಕ್ಕೆ ತೆರುವ ಬೆಲೆ ದೊಡ್ಡದು. ನನಗೆ ಅತ್ಯಂತ ಬೇಸರವಾಗುವುದು ಇಲ್ಲಿ: ಅಡಿನಾಯ್ಡ್ ಎಕ್ಸ್-ರೇ ಎರಡು ಮೂರು ಸಲ ಆಗಿರುತ್ತದೆ, ಶ್ರವಣ ಪರೀಕ್ಷೆ ಒಂದು ಸಲವೂ ಆಗಿರುವುದಿಲ್ಲ. ಕಿವಿಯ ಒಳಗಿನ ಒತ್ತಡ ಅಳೆಯುವ ಟಿಂಪನೋಮೆಟ್ರಿಗೆ ಕೆಲವೇ ನಿಮಿಷ ಸಾಕು, ನೋವೂ ಇಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಅಲ್ಲಿ ಕಲಿತ ಆಡಿಯಾಲಜಿಸ್ಟರು ರಾಜ್ಯದ ಉದ್ದಗಲಕ್ಕೂ ಇದ್ದಾರೆ. ಈ ಪರೀಕ್ಷೆ ದುರ್ಲಭವೇನಲ್ಲ.

ಈ ದ್ರವ ಬಹಳಷ್ಟು ಮಕ್ಕಳಲ್ಲಿ ಮೂರು ತಿಂಗಳೊಳಗೆ ತಾನೇ ಇಂಗುತ್ತದೆ. ಆದ್ದರಿಂದ ಮೂರು ತಿಂಗಳು ಕಾದು ಮತ್ತೆ ಪರೀಕ್ಷಿಸುವುದು ಸರಿಯಾದ ಕ್ರಮ. ಇಂಗದೆ, ಕಿವುಡೂ ಇದ್ದರೆ ತಮಟೆಗೆ ಗ್ರೊಮೆಟ್ ಎಂಬ ಪುಟ್ಟ ನಳಿಕೆ ಹಾಕುತ್ತಾರೆ. ಅಡಿನಾಯ್ಡನ್ನೂ ತೆಗೆದರೆ ದ್ರವ ಮರುಕಳಿಸುವುದು ಕಡಿಮೆ ಎಂದು 1987ರಲ್ಲಿ ಟೆಕ್ಸಾಸ್‌ನ ಗೇಟ್ಸ್ ಮತ್ತು ಸಂಗಡಿಗರು ನಾಲ್ಕರಿಂದ ಎಂಟು ವರ್ಷದ ಮಕ್ಕಳಲ್ಲಿ ತೋರಿಸಿದರು. ಅಡಿನಾಯ್ಡ್ ಸಣ್ಣದಿದ್ದ ಮಕ್ಕಳಿಗೂ ಲಾಭ ಕಂಡದ್ದು ಆ ಪ್ರಯೋಗದ ವಿಶೇಷ. ಗಾತ್ರವೇ ಮುಖ್ಯವಲ್ಲ ಎಂಬುದಕ್ಕೆ ಇದು ಇನ್ನೊಂದು ಸಾಕ್ಷಿ. ನಾಲ್ಕು ವರ್ಷಕ್ಕಿಂತ ಚಿಕ್ಕವರಲ್ಲಿ ಮೂಗಿನ ತೊಂದರೆಯಿಲ್ಲದೆ ಬರೀ ಕಿವಿಗಾಗಿ ಅಡಿನಾಯ್ಡ್ ತೆಗೆಯಬಾರದು ಎಂದು ಅಮೆರಿಕದ ಮಾರ್ಗಸೂಚಿ ಹೇಳುತ್ತದೆ.

ಇನ್ನು ಮೇಲಿಂದ ಮೇಲೆ ನೆಗಡಿ, ಕೆಮ್ಮು, ಜ್ವರ. ನಮ್ಮಲ್ಲಿ ತಂದೆತಾಯಿ ಆಪರೇಷನ್ನಿಗೆ ಒಪ್ಪುವುದು ಹೆಚ್ಚಾಗಿ ಇದೊಂದೇ ಕಾರಣಕ್ಕೆ. ಆದರೆ ಪುರಾವೆ ಅತ್ಯಂತ ದುರ್ಬಲವಾಗಿರುವುದೂ ಇಲ್ಲೇ. ಡಚ್ಚರು ಒಂದರಿಂದ ಆರು ವರ್ಷದ 111 ಮಕ್ಕಳಲ್ಲಿ ಕೆಲವರಿಗೆ ಅಡಿನಾಯ್ಡ್ ತೆಗೆದು, ಉಳಿದವರಿಗೆ ತೆಗೆಯದೆ ಎರಡು ವರ್ಷ ಗಮನಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡೂ ಗುಂಪಿನ ಮಕ್ಕಳಿಗೆ ವರ್ಷಕ್ಕೆ ಸರಿಸುಮಾರು ಎಂಟು ಸಲ ನೆಗಡಿ ಬಂತು. ಆ ವಯಸ್ಸಿನ ನೆಗಡಿಗೆ ವಯಸ್ಸಾಗುವುದೇ ಮದ್ದು. ಪ್ರತಿ ಸಲವೂ ಆಂಟಿಬಯಾಟಿಕ್ ಕೊಡಿಸುವುದರಿಂದ ಅಡಿನಾಯ್ಡ್ ಶಾಶ್ವತವಾಗಿ ಕುಗ್ಗುವುದಿಲ್ಲ.

ಔಷಧದ ಬಗ್ಗೆ ಹೇಳುವುದಾದರೆ, ಪ್ರಯತ್ನಿಸಲು ಯೋಗ್ಯವಾದದ್ದು ಮೂಗಿಗೆ ಹೊಡೆಯುವ ಸ್ಟಿರಾಯ್ಡ್ ಸ್ಪ್ರೇ. 1995ರಲ್ಲಿ ಒಂದು ಸಣ್ಣ ಪ್ರಯೋಗ ಅದರಿಂದ ಮೂಗಿನ ಅಡಚಣೆ ಕಡಿಮೆಯಾಗುವುದನ್ನು ತೋರಿಸಿತು. ಆಮೇಲೆ ಮೊಮೆಟಾಸೋನ್ ಮೊದಲಾದವುಗಳ ಮೇಲೆ ಇನ್ನಷ್ಟು ಪ್ರಯೋಗಗಳಾದವು. ಬಹುತೇಕ ಚಿಕ್ಕವು, ಅಲ್ಪಾವಧಿಯವು, ಆದರೂ ಒಂದೇ ದಿಕ್ಕಿಗೆ ಬೆರಳು ತೋರುತ್ತವೆ. ಸ್ಟಿರಾಯ್ಡ್ ಎಂಬ ಹೆಸರಿಗೇ ಹೆದರಿ ವಾರಕ್ಕೆ ನಿಲ್ಲಿಸುವವರು ಬಹಳ. ಮೂಗಿನಲ್ಲೇ ಕೆಲಸ ಮಾಡಿ ರಕ್ತಕ್ಕೆ ಅತ್ಯಲ್ಪ ಸೇರುವ ಔಷಧ ಅದು. ಗುಣ ಕಾಣಲು ನಾಲ್ಕರಿಂದ ಎಂಟು ವಾರ ಬೇಕು. ಹೊಡೆಯುವ ರೀತಿಯಲ್ಲೇ ಅರ್ಧ ಫಲವಿದೆ. ಮೊದಲು ಉಪ್ಪುನೀರಿನ ಹನಿ ಅಥವಾ ಸ್ಪ್ರೇಯಿಂದ ಸಿಂಬಳ ತೊಳೆದು ಒರೆಸಬೇಕು. ಬಾಟಲಿಯನ್ನು ಕುಲುಕಿ, ಮಗುವಿನ ತಲೆಯನ್ನು ಹಿಂದಕ್ಕೆ ಎತ್ತದೆ ತುಸು ಮುಂದಕ್ಕೆ ಬಾಗಿಸಬೇಕು. ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ ಹಿಡಿದು ತುದಿಯನ್ನು ಮೂಗಿನ ನಡುಗೋಡೆಯಿಂದ ದೂರ, ಅದೇ ಬದಿಯ ಕಿವಿಯ ಕಡೆಗೆ ತಿರುಗಿಸಿ ಒತ್ತಬೇಕು. ನಡುಗೋಡೆಗೆ ಹೊಡೆದರೆ ರಕ್ತ ಬರುತ್ತದೆ. ಜೋರಾಗಿ ಸೆಳೆದುಕೊಂಡರೆ ಮದ್ದು ಗಂಟಲಿಗಿಳಿದು ಹೊಟ್ಟೆ ಸೇರುತ್ತದೆ. ಮೆಲ್ಲಗೆ ಉಸಿರಾಡಿದರೆ ಸಾಕು.

ಅಲರ್ಜಿಯಿರುವ ಮಕ್ಕಳಿಗೆ ಇದು ಇನ್ನೂ ಹೆಚ್ಚು ಉಪಯುಕ್ತ. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ ಸುಮಾರು 20,000 ಮಕ್ಕಳ ದಾಖಲೆಯಿಂದ ತೋರಿಸಿದಂತೆ ಆಸ್ತಮಾ 1979ರಲ್ಲಿ ಶೇ 9 ಇದ್ದದ್ದು 1999ಕ್ಕೆ ಶೇ 29.5ಕ್ಕೆ ಏರಿತ್ತು. ಮೂಗಿನ ಅಲರ್ಜಿ ಅದರ ಒಡನಾಡಿ. ಅಂಥ ಮನೆಯಲ್ಲಿ ಬೀಡಿ ಸಿಗರೇಟಿನ ಹೊಗೆ, ಸೊಳ್ಳೆ ಬತ್ತಿ, ಅಗರಬತ್ತಿ, ಒಲೆಯ ಹೊಗೆ ಮಗುವಿನ ಕೋಣೆಯಿಂದ ದೂರವಾಗದೆ ಸ್ಪ್ರೇ ಒಂದೇ ಗೆಲ್ಲುವುದು ಕಷ್ಟ.

ಮಾಂಟೆಲುಕಾಸ್ಟ್ ಮಾತ್ರೆಯನ್ನು ಲೆವೊಸೆಟಿರಿಜಿನ್ ಜೊತೆ ಸೇರಿಸಿ ನಮ್ಮಲ್ಲಿ ಧಾರಾಳವಾಗಿ ಬರೆಯುತ್ತಾರೆ, ಅಂಗಡಿಯಲ್ಲಿ ಚೀಟಿಯಿಲ್ಲದೆಯೂ ಕೊಡುತ್ತಾರೆ. ಸಣ್ಣ ಪ್ರಯೋಗಗಳಲ್ಲಿ ಅದರಿಂದ ಲಾಭ ಕಂಡಿದೆ. ಆದರೆ ಕೆಟ್ಟ ಕನಸು, ಸಿಡುಕು, ಖಿನ್ನತೆಯಂಥ ಮಾನಸಿಕ ಪರಿಣಾಮಗಳ ಕಾರಣಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರ ಮಾರ್ಚಿನಲ್ಲಿ ಅದಕ್ಕೆ ತನ್ನ ಅತ್ಯಂತ ಕಟುವಾದ ಎಚ್ಚರಿಕೆ ಅಂಟಿಸಿತು. ಮಗು ರಾತ್ರಿ ಬೆಚ್ಚಿಬಿದ್ದು ಅಳತೊಡಗಿದರೆ ಈ ಮಾತ್ರೆಯನ್ನು ನೆನಪಿಸಿಕೊಂಡು ವೈದ್ಯರಿಗೆ ಹೇಳಬೇಕು.

ಹೋಮಿಯೋಪಥಿ ಗುಳಿಗೆಯಿಂದ ನಮ್ಮ ಮಗುವಿಗೆ ಆಪರೇಷನ್ ತಪ್ಪಿತು ಎನ್ನುವವರು ಪ್ರತಿ ಊರಿನಲ್ಲೂ ಸಿಗುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಜರ್ಮನಿಯಲ್ಲಿ 82 ಮಕ್ಕಳ ಮೇಲೆ ನಡೆದು 2001ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹೋಮಿಯೋಪಥಿ ಪಡೆದ ಹೆಚ್ಚಿನ ಮಕ್ಕಳಿಗೆ ಆಪರೇಷನ್ ಬೇಕಾಗಲಿಲ್ಲ. ಔಷಧವೇ ಇಲ್ಲದ ಗುಳಿಗೆ ಪಡೆದವರಲ್ಲೂ ಹತ್ತರಲ್ಲಿ ಸುಮಾರು ಏಳು ಮಕ್ಕಳಿಗೆ ಬೇಕಾಗಲಿಲ್ಲ. ಎರಡರ ನಡುವೆ ಗಣನೀಯ ವ್ಯತ್ಯಾಸವಿರಲಿಲ್ಲ. ಗುಣ ಮಾಡಿದ್ದು ಕಾಲ. ದೊಡ್ಡಪತ್ರೆ ರಸ, ತುಳಸಿ ಕಷಾಯ ಗಂಟಲಿಗೆ ಹಿತವೆನಿಸಬಹುದು, ಅಡಿನಾಯ್ಡ್ ಅವಕ್ಕೆ ಕರಗುವುದಿಲ್ಲ. ಮೂಗಿಗೆ ಎಣ್ಣೆ ಬಿಡುವುದು ಬೇಡ, ಅದು ಶ್ವಾಸಕೋಶಕ್ಕೆ ಇಳಿಯಬಹುದು. ಕುದಿಯುವ ನೀರಿನ ಪಾತ್ರೆಯ ಮೇಲೆ ಮಗುವನ್ನು ಬಗ್ಗಿಸಿ ಹಬೆ ಹಿಡಿಸುವುದಂತೂ ಖಂಡಿತ ಬೇಡ. ಪಾತ್ರೆ ಮಗುಚಿ ತೊಡೆ, ಹೊಟ್ಟೆ ಸುಟ್ಟುಕೊಂಡು ಬರುವ ಮಕ್ಕಳನ್ನು ಸುಟ್ಟಗಾಯದ ವಾರ್ಡುಗಳು ನೋಡುತ್ತಲೇ ಇರುತ್ತವೆ.

ಆಪರೇಷನ್ ತೀರ್ಮಾನವಾದರೆ ಅದರ ಬಗ್ಗೆ ಭಯ ಬೇಡ, ವಿವರ ಬೇಕು. ಪೂರ್ತಿ ಅರಿವಳಿಕೆ ಕೊಡುತ್ತಾರೆ. ಆರೇಳು ವರ್ಷದವರಲ್ಲಿ ಅಲುಗಾಡುವ ಹಾಲುಹಲ್ಲು ಇದೆಯೇ ಎಂದು ಅರಿವಳಿಕೆ ತಜ್ಞರು ಮೊದಲೇ ನೋಡುತ್ತಾರೆ. ಬಾಯಿ ತೆರೆದಿಡುವ ಉಪಕರಣಕ್ಕೆ ಸಿಕ್ಕಿ ಅದು ಉಸಿರುದಾರಿಗೆ ಬೀಳಬಾರದು. ಹೊರಗೆ ಎಲ್ಲೂ ಗಾಯವಿಲ್ಲ, ಹೊಲಿಗೆಯಿಲ್ಲ; ಬಾಯಿಯ ಮೂಲಕವೇ ಅರ್ಧ ಗಂಟೆಯ ಕೆಲಸ. ಹಿಂದೆ ಕ್ಯೂರೆಟ್ ಎಂಬ ಬಾಗಿದ ಅಲಗಿನಿಂದ ಕಾಣದೆಯೇ ಕೆರೆಯುತ್ತಿದ್ದರು. ಈಗ ಎಂಡೋಸ್ಕೋಪಿನಲ್ಲಿ ನೋಡುತ್ತ ಮೈಕ್ರೋಡಿಬ್ರೈಡರ್‌ನಿಂದ ಕತ್ತರಿಸಿ ಹೀರುತ್ತಾರೆ, ಇಲ್ಲವೇ ಕೋಬ್ಲೇಷನ್ ಕಡ್ಡಿಯಿಂದ 40ರಿಂದ 70 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿಸುತ್ತಾರೆ. ಕೋಬ್ಲೇಷನ್ನಿನಲ್ಲಿ ರಕ್ತ ಕಡಿಮೆ, ಬಿಲ್ಲು ಹೆಚ್ಚು. ಅನುಭವಿ ಕೈಯಲ್ಲಿ ಕ್ಯೂರೆಟ್ ಕೂಡ ಸುರಕ್ಷಿತ. ದುಬಾರಿ ಯಂತ್ರವಿಲ್ಲ ಎಂಬ ಕಾರಣಕ್ಕೆ ಜಿಲ್ಲಾಸ್ಪತ್ರೆಯನ್ನು ಬಿಟ್ಟು ಸಾಲ ಮಾಡಬೇಕಾಗಿಲ್ಲ.

ಕತ್ತರಿ ಹಾಕುವ ಮೊದಲು ನೋಡಲೇಬೇಕಾದ್ದು ಅಂಗುಳು. ಕಿರುನಾಲಿಗೆ ಎರಡು ಸೀಳಾಗಿದ್ದರೆ ಒಳಗೆ ಮರೆಯಾದ ಸೀಳಂಗುಳ ಇರಬಹುದು. ಅಂಥ ಮಗುವಿಗೆ ಅಡಿನಾಯ್ಡ್ ಪೂರ್ತಿ ತೆಗೆದರೆ ಮಾತು ಮೂಗಿನಲ್ಲಿ ಸೋರುತ್ತದೆ, ಕುಡಿದ ಹಾಲು ಮೂಗಿನಿಂದ ಬರುತ್ತದೆ. ಹರೆಯದ ಹುಡುಗನಿಗೆ ಒಂದೇ ಹೊಳ್ಳೆ ಕಟ್ಟಿ ರಕ್ತ ಸುರಿಯುತ್ತಿದ್ದರೆ ಅದು ರಕ್ತನಾಳಗಳ ಗಡ್ಡೆ ಇರಬಹುದು, ಅದನ್ನು ಕೆರೆಯಲೇಬಾರದು. ಪುಟ್ಟ ಮಗುವಿನ ಒಂದೇ ಹೊಳ್ಳೆಯಿಂದ ದುರ್ವಾಸನೆಯ ಸಿಂಬಳ ಬಂದರೆ ಒಳಗೆ ಕಾಳೋ ಮಣಿಯೋ ಇರುವ ಸಾಧ್ಯತೆಯೇ ಹೆಚ್ಚು. ಆಪರೇಷನ್ ನಂತರದ ನೋವಿಗೆ ಪ್ಯಾರಾಸಿಟಮಾಲ್ ಬಹುತೇಕ ಸಾಕು. ಕೊಡೀನ್ ಇರುವ ಔಷಧವನ್ನು ಮಕ್ಕಳಿಗೆ ಕೊಡಬಾರದು. ಸಾವುಗಳು ವರದಿಯಾದ ಮೇಲೆ 2013ರಿಂದ ಅದರ ವಿರುದ್ಧ ಕಟ್ಟೆಚ್ಚರಿಕೆ ಇದೆ.

ಮುಂದೆ ರೋಗನಿರೋಧಕ ಶಕ್ತಿ ಕುಂದುತ್ತದೆಯೇ? ಡೆನ್ಮಾರ್ಕಿನ ಸುಮಾರು 12 ಲಕ್ಷ ಮಕ್ಕಳ ದಾಖಲೆ ಪರಿಶೀಲಿಸಿದ 2018ರ ಅಧ್ಯಯನ, ಚಿಕ್ಕ ವಯಸ್ಸಿನಲ್ಲಿ ಅಡಿನಾಯ್ಡ್ ತೆಗೆಸಿಕೊಂಡವರಲ್ಲಿ ಮುಂದೆ ಉಸಿರಾಟದ ಕೆಲವು ಕಾಯಿಲೆಗಳು ಹೆಚ್ಚು ಎಂದಿತು. ಆಪರೇಷನ್ನಿಗೆ ಬರುವ ಮಕ್ಕಳು ಮೊದಲೇ ಉಸಿರಾಟದ ತೊಂದರೆ ಹೆಚ್ಚಿರುವವರು. ಹಾಗಾಗಿ ಕತ್ತರಿಯೇ ಕಾರಣ ಎಂದು ಅದರಿಂದ ಸಾಬೀತಾಗುವುದಿಲ್ಲ. ಆದರೆ ‘ತೆಗೆದರೆ ಏನೂ ನಷ್ಟವಿಲ್ಲ’ ಎಂದು ಹಗುರವಾಗಿ ಹೇಳುವವರು ಆ ಅಧ್ಯಯನವನ್ನು ಓದಬೇಕು. ಬೇಕಾದ ಮಗುವಿಗೆ ತೆಗೆಯಲು ಹಿಂಜರಿಯದೆ, ಬೇಡದ ಮಗುವಿಗೆ ತೆಗೆಯದಿರಲು ಇದೂ ಒಂದು ಕಾರಣ.

ಕಾಯುವುದು ಎಂದು ತೀರ್ಮಾನವಾದರೆ ಅದಕ್ಕೂ ತಾರೀಖು ಬೇಕು. ‘ನೋಡೋಣ’ ಎಂದು ಎದ್ದು ಬರುವುದರಲ್ಲಿ ಅರ್ಥವಿಲ್ಲ. ಎಂಟು ವಾರ ಸ್ಪ್ರೇ, ಮೂರು ತಿಂಗಳಿಗೆ ಮತ್ತೊಂದು ಶ್ರವಣ ಪರೀಕ್ಷೆ, ತಿಂಗಳಿಗೊಂದು ರಾತ್ರಿಯ ವಿಡಿಯೊ, ತೂಕ ಮತ್ತು ಎತ್ತರದ ಲೆಕ್ಕ ಇಷ್ಟನ್ನು ಚೀಟಿಯ ಮೇಲೆ ಬರೆಸಿಕೊಂಡು ಬರಬೇಕು.

ಆಪರೇಷನ್ ಆದ ಮಗುವಿಗೂ ಇದೇ ನಿಯಮ. ಚಾಟ್ ಪ್ರಯೋಗದಲ್ಲಿ ಆಪರೇಷನ್ ಆದ ಐವರಲ್ಲಿ ಒಬ್ಬರ ನಿದ್ರಾ ಪರೀಕ್ಷೆ ಸರಿಹೋಗಿರಲಿಲ್ಲ. ಸ್ಥೂಲಕಾಯದ ಮಕ್ಕಳಲ್ಲಿ ಹಾಗೆ ಉಳಿದುಕೊಂಡದ್ದು ಹೆಚ್ಚು. ತೀರ ಚಿಕ್ಕ ವಯಸ್ಸಿನಲ್ಲಿ ತೆಗೆಸಿದ ಕೆಲವರಿಗೆ ಅಡಿನಾಯ್ಡ್ ಮತ್ತೆ ಬೆಳೆಯುತ್ತದೆ. ಮೊದಲ ಒಂದೆರಡು ವಾರ ಮೂಗು ಕಟ್ಟಿದಂತಿರುವುದು, ಉಸಿರು ವಾಸನೆ ಬರುವುದು ಸಹಜ. ಆರೆಂಟು ವಾರ ಕಳೆದ ಮೇಲೂ ಗೊರಕೆ ಹಾಗೇ ಇದ್ದರೆ ಅಲರ್ಜಿ, ಟಾನ್ಸಿಲ್, ತೂಕ, ದವಡೆಯ ರಚನೆ ಇವನ್ನೆಲ್ಲ ಮತ್ತೆ ನೋಡಬೇಕು. ಕಿವಿಗಾಗಿ ಆಪರೇಷನ್ ಆಗಿದ್ದರೆ ಶ್ರವಣ ಪರೀಕ್ಷೆ ಮತ್ತೊಮ್ಮೆ ಮಾಡಿಸಿ ಹಳೆಯ ವರದಿಯ ಪಕ್ಕದಲ್ಲಿಟ್ಟು ಹೋಲಿಸಬೇಕು.